ಹನ್ನೊಂದನೆಯ ಬೆರಳು

"ಕೇಳಿರಪ್ಪೋ ಕೇಳಿ! ಹಾಲುಗುಂದಿಯ ರಾಣಿ ಹೊನ್ನಾಜಮ್ಮನವರ ಅಪ್ಪಣೆ! ಮೂರು ಒಗಟು ಒಡೆದವರಿಗೆ ಬೇಡಿದ್ದು ಸಿಗುತ್ತದೆ. ಬಾಯಿಬಿಟ್ಟು ತಪ್ಪಿದವರು ಸೆರೆಗೆ ಹೋಗುತ್ತಾರೆ, ಬರುವ ಅಮಾವಾಸ್ಯೆಗೆ ಅವರ ತಲೆ ಹೋಗುತ್ತದೆ!"

ಡಂಗುರದವನು ಊರೂರು ಸುತ್ತಿ ಗಂಟಲು ಹರಿದುಕೊಂಡ. ಒಗಟು ಯಾರದೆಂದು ಮಾತ್ರ ಪಾಪ, ಅವನಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ರಾಣಿಗೊಬ್ಬಳಿಗೇ. ಹನ್ನೆರಡು ವರ್ಷದ ಹಿಂದೆ ಅವಳ ಒಬ್ಬನೇ ಮಗ ಚಿಕ್ಕರಾಯ, ಆರು ವರ್ಷದ ಕೂಸು, ಊರ ಮಕ್ಕಳ ಜೊತೆ ಅಯ್ಯನವರ ಮಠದಲ್ಲಿ ಅಕ್ಷರ ಕಲಿಯಲು ಹೋಗುತ್ತಿದ್ದ. ಒಂದು ಸಂಜೆ ಓಡಿಬಂದು ಅವಳ ಸೆರಗು ಜಗ್ಗಿದ.

"ಅಮ್ಮಾ, ನಾನೇ ಮೂರು ಒಗಟು ಕಟ್ಟಿದೀನಿ. ಒಡಿ ನೋಡೋಣ. ಗೊತ್ತಾದ್ರೆ ನಕ್ಕುಬಿಡ್ತೀಯ!"

ರಾಣಿಯ ಮುಂದೆ ಗಡಿಜಗಳದ ಓಲೆಗಳ ರಾಶಿ ಇತ್ತು. ಮೂರೂ ಒಗಟನ್ನು ಕೇಳಿಸಿಕೊಂಡು, ತಲೆಯೆತ್ತದೆ, "ನಾಳೆ ಹೇಳ್ತೀನಿ ಮಗಾ" ಅಂದಳು. ಮರುದಿನ ಮಗುವಿಗೆ ಜ್ವರ ಬಂತು. ನಾಲ್ಕನೆಯ ದಿನ ಮಗುವೇ ಇರಲಿಲ್ಲ. ಜ್ವರ ಮಠದಿಂದಲೇ ಅಂಟಿತೆಂದು ಯಾರೋ ಅಂದರು. ದುಃಖದಲ್ಲಿದ್ದವಳಿಗೆ ಅಷ್ಟೇ ಸಾಕಾಯಿತು. ಮಠಕ್ಕೆ ಬೀಗ ಹಾಕಿಸಿ ಅಯ್ಯನವರನ್ನು ಗಡಿ ದಾಟಿಸಿದಳು.

ಆದರೆ ಒಗಟುಗಳು ಬಿಡಬೇಕಲ್ಲ! ಉತ್ತರ ಗೊತ್ತಾಗದೆ ಸಾಯಲಾರೆ ಅನ್ನಿಸಿತು ಅವಳಿಗೆ. ಯಾವ ಉತ್ತರಕ್ಕೆ ತನಗೆ ನಗು ಬರುವುದೋ ಅದೇ ಸರಿ ಎಂದು ಮನಸ್ಸಿನಲ್ಲೇ ಅಳತೆ ಇಟ್ಟುಕೊಂಡು ಕೂತಳು.

ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ತುಂಬಿದ ಸಭೆಯಲ್ಲಿ ಪಂಡಿತ ಶೇಷಗಿರಿ ಶಾಸ್ತ್ರಿಗಳು ಶಾಲು ಸರಿಪಡಿಸಿಕೊಂಡು ಮುಂದೆ ಬಂದರು.

"ಒಂದು ಹೊಲ" ಅಂದಳು ರಾಣಿ. "ಉಳುತ್ತೇನೆ, ಬೆಳೆ ಕಂಡ ಕೂಡಲೇ ಅಳಿಸುತ್ತೇನೆ, ಮತ್ತೆ ಉಳುತ್ತೇನೆ. ಹೊಲದಲ್ಲಿ ಏನೂ ಉಳಿಯದು, ಕಣಜ ಮಾತ್ರ ತುಂಬುತ್ತದೆ. ಯಾವ ಹೊಲ?"

"ಸಂಸಾರ, ಮಹಾತಾಯಿ. ಜನ್ಮಜನ್ಮದ ಕರ್ಮವೇ ಕಣಜ."

ರಾಣಿ ಕಾದಳು. ನಗು ಬರಲಿಲ್ಲ. ಶಾಸ್ತ್ರಿಗಳ ಶಾಲು ಅಲ್ಲೇ ಜಾರಿಬಿತ್ತು, ಅವರು ಸೆರೆಗೆ ನಡೆದರು.

ಆಮೇಲೆ ಬಂದವನು ಪಕ್ಕದ ಪಾಳೆಯಪಟ್ಟಿನ ವೀರಪ್ಪನಾಯಕ, ಭಾರಿ ಮೀಸೆಯವನು. "ಹೊಲ ಗಿಲ ನನಗೆ ಬೇಡ, ಎರಡನೆಯದನ್ನೇ ಕೇಳಿ" ಅಂದ.

"ನನ್ನ ಮನೆಯಲ್ಲಿ ಹತ್ತು ಜನ. ಹತ್ತರ ತನಕ ಯಾರ ಹಂಗೂ ಇಲ್ಲ. ಹನ್ನೊಂದಕ್ಕೆ ಮಾತ್ರ ಪಕ್ಕದ ಮನೆಯವನನ್ನು ಕರೆಯಬೇಕು. ಯಾರವರು?"

"ಹತ್ತು ದಿಕ್ಕಿಗೆ ಹತ್ತು ದಂಡನಾಯಕರು! ಹನ್ನೊಂದನೆಯವನು ಹೊಂಚು ಹಾಕೋ ಶತ್ರು!"

ರಾಣಿಗೆ ಈಗಲೂ ನಗು ಬರಲಿಲ್ಲ. ಆದರೆ ಕಂಬದ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸಭೆಗೆ ಸಭೆಯೇ ಹೌಹಾರಿತು. ಕಾವಲಿನವನು ಹಿಡಿದು ಮುಂದಕ್ಕೆ ತಳ್ಳಿದರೆ, ಅಡುಗೆಮನೆಗೆ ಹೊಸ ಬುಟ್ಟಿ ತಂದಿದ್ದ ದುಗ್ಗಣ್ಣ. ಬಿದಿರು ಸೀಳಿ ಸೀಳಿ ಅಂಗೈ ಜಡ್ಡುಗಟ್ಟಿದ ಹದಿನೆಂಟರ ಹುಡುಗ.

"ನಕ್ಕಿದ್ಯಾಕೋ?"

"ತಪ್ಪಾಯ್ತು ತಾಯಿ. ಅಷ್ಟು ಸಣ್ಣ ಮಾತಿಗೆ ದಂಡನ್ನೇ ಕರೆಸಿಬಿಟ್ರಲ್ಲ, ತಡೆಯೋಕಾಗ್ಲಿಲ್ಲ."

"ಹಾಗಾದರೆ ನೀನು ಹೇಳು. ತಪ್ಪಿದರೆ ನಾಳೆ ನಿನ್ನದೂ ಹೋಗುತ್ತದೆ."

ದುಗ್ಗಣ್ಣ ಬುಟ್ಟಿ ಕೆಳಗಿಟ್ಟ. ಎರಡೂ ಕೈ ಎತ್ತಿ ಒಂದೊಂದೇ ಬೆರಳು ಮಡಿಸಿದ. "ಹತ್ತಕ್ಕೆ ನಮ್ಮ ಬೆರಳು ಮುಗೀತವೆ. ಆಮೇಲೆ ಹಿಂಗೆ" ಎಂದವನೇ ಪಕ್ಕದಲ್ಲಿದ್ದ ಕಾವಲಿನವನ ಕಿರುಬೆರಳು ಹಿಡಿದ. "ಹನ್ನೊಂದು."

ಕಾವಲಿನವನು ಬೆರಳು ಬಿಡಿಸಿಕೊಳ್ಳುವುದನ್ನೂ ಮರೆತು ನಿಂತ. ರಾಣಿಗೆ ಫಕ್ಕನೆ ನಗು ಬಂತು. ಹನ್ನೆರಡು ವರ್ಷದ ಮೇಲೆ ಬಂದ ನಗು, ಅವಳಿಗೇ ಗುರುತು ಸಿಗಲಿಲ್ಲ.

"ಹೊಲ?"

"ಮಠದ ಮರಳು, ತಾಯಿ. ಬೆರಳಲ್ಲಿ ಅಕ್ಷರ ತಿದ್ದೋದು, ಅಯ್ಯನವರು ನೋಡಿದ ಮೇಲೆ ಸವರಿ ಹಾಕೋದು, ಮತ್ತೆ ತಿದ್ದೋದು. ಕಣಜ ಅಂದ್ರೆ ಈ ತಲೆ. ನನ್ನ ಕಣಜ ಅರ್ಧಕ್ಕೇ ನಿಂತೋಯ್ತು, ಮಠಕ್ಕೆ ಬೀಗ ಬಿತ್ತಲ್ಲ."

ರಾಣಿ ಮತ್ತೆ ನಕ್ಕಳು, ನಗುತ್ತಲೇ ಮುಖ ಬಾಡಿತು. "ನೀನು ಆ ಮಠದಲ್ಲಿದ್ದೆಯಾ?"

"ಚಿಕ್ಕರಾಯರ ಪಕ್ಕದಲ್ಲೇ ಕೂತಿದ್ದೆ. ಅವರ ಹನ್ನೊಂದು ನನ್ನ ಬೆರಳೇ."

ಅಯ್ಯೋ, ಇದೇನು ಮಾಡಿಕೊಂಡೆ ಅಂದುಕೊಂಡಳು ಹೊನ್ನಾಜಮ್ಮ. ಮಠ ನಡೆದಿದ್ದರೆ ಬೀದಿಯ ಯಾವ ಮಗುವೂ ಒಡೆಯುತ್ತಿದ್ದ ಒಗಟು. ಉತ್ತರವನ್ನು ಒಳಗಿಟ್ಟು ತಾನೇ ಬೀಗ ಜಡಿದು, ಹೊರಗೆ ಪಂಡಿತರ ತಲೆ ಕೇಳುತ್ತ ಕೂತಿದ್ದಳು.

ಮೂರನೆಯದನ್ನು ಕೇಳುವಾಗ ದನಿ ಇಳಿಯಿತು. "ಮೊದಲ ದಿನವೇ ನನಗೆ ಬಂತು. ನಮ್ಮಮ್ಮನಿಗೆ ಇನ್ನೂ ಬಂದಿಲ್ಲ. ಒಂದೇ ಮಾತು. ಏನದು?"

ದುಗ್ಗಣ್ಣ ನೆಲ ನೋಡಿದ. "ಬೇಡ ತಾಯಿ. ನಿಮಗೆ ನೋವಾಗ್ತದೆ."

"ತಲೆ ಹೋಗುತ್ತದೆ ಕಣೋ, ಹೇಳು."

"ಬೆಳಿಗ್ಗೆ ಅಯ್ಯನವರು ಒಬ್ಬೊಬ್ಬರದೇ ಹೆಸರು ಕೂಗೋರು. ಕೈಯಲ್ಲಿ ಏನಿದ್ರೂ ಬಿಟ್ಟು, ಎದ್ದು ನಿಂತು, 'ಬಂದೆ' ಅನ್ನಬೇಕು. ಅದೇ ಮೊದಲ ಪಾಠ."

ರಾಣಿ ನಗಲಿಲ್ಲ. ಆ ಸಂಜೆ ಕೇಳಿದ್ದರೆ ನಗುತ್ತಿದ್ದಳು. ಕಳ್ಳ ನನ್ಮಗನೇ ಎಂದು ಕಿವಿ ಹಿಂಡಿ, "ಬಂದೆ ಕಣೋ" ಎಂದು ಓಲೆ ಬಿಟ್ಟು ಎದ್ದುಬಿಡುತ್ತಿದ್ದಳು. ಈಗ ತುಂಬಿದ ಸಭೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಕಣ್ಣೊರೆಸಿಕೊಂಡು, "ಗೆದ್ದೆಯಪ್ಪ. ಏನು ಬೇಕು, ಕೇಳು" ಅಂದಳು.

"ಸೆರೆಯಲ್ಲಿರೋರನ್ನ ಬಿಟ್ಟುಬಿಡಿ. ಮಠದ ಬೀಗದಕೈ ಕೊಡಿ. ನನಗೆ ಮುಂದಿನ ಅಕ್ಷರ ಕಲೀಬೇಕು."

ಕೊಟ್ಟಳು. ಅದರ ಮೇಲೆ ಹೊಳೆದಂಡೆಯ ಬಿದಿರುಮೆಳೆಯನ್ನೂ ಅವನ ಹೆಸರಿಗೆ ಬರೆಸಿದಳು. ಅಯ್ಯನವರಿಗೆ ಪಲ್ಲಕ್ಕಿ ಕಳಿಸಿದರೆ ಬರಿದೇ ಹಿಂದಿರುಗಿತು. ಅವರು ತೀರಿಹೋಗಿ ಎಂಟು ವರ್ಷವಾಗಿತ್ತು. ಅವರ ಮಗಳು ಪಲ್ಲಕ್ಕಿ ಹತ್ತದೆ, ನಡೆದುಕೊಂಡೇ ಬಂದು ಪಾಠ ಶುರುಮಾಡಿದಳು. ಚಿಳ್ಳೆಪಿಳ್ಳೆಗಳ ಹಿಂದೆ ದುಗ್ಗಣ್ಣ ಮೊಣಕಾಲು ಮಡಿಸಿ ಕೂತ. ಎಣಿಕೆ ಹನ್ನೊಂದಕ್ಕೆ ಬಂದಾಗ ಪಕ್ಕದ ಮಗುವಿಗೆ ತನ್ನ ಬೆರಳು ಚಾಚಿದ.

ರಾಣಿ ದಿನವೂ ಮಠದ ಜಗಲಿಯಲ್ಲಿ ಕೂರತೊಡಗಿದಳು. ಮಂತ್ರಿ ಗಡಿಯ ಓಲೆ ಹಿಡಿದು ಬಂದರೆ "ನಾಳೆ" ಅನ್ನುತ್ತಿದ್ದಳು. ಒಳಗಿನಿಂದ ಯಾವುದಾದರೂ ಮಗು "ಅಜ್ಜೀ, ಇಲ್ಲಿ ನೋಡು ಬಾ" ಎಂದು ಕೂಗಿದರೆ, ಮಂಡಿ ಹಿಡಿದುಕೊಂಡು ಏಳುತ್ತಿದ್ದಳು.

"ಬಂದೆ ಮಗಾ, ಬಂದೆ."

ಯಾರಿಗೆ ಹೇಳಬೇಕಿತ್ತೋ ಅವನಿಗೆ ಮಾತ್ರ ಅದು ಕೇಳಿಸಲಿಲ್ಲ.