ನಡೆಯದ ಸಭೆಯ ನಿರ್ಣಯ

ಕಾಲೇಜಿನ ಮಾಲೀಕರೂ ಪ್ರಿನ್ಸಿಪಾಲರೂ ಆದ ವೃಷಭೇಂದ್ರಯ್ಯನವರು ಗುಮಾಸ್ತೆ ಅಂಬುಜಾಕ್ಷಿಯ ಮೇಜಿನ ಮೇಲೆ ಖಾಲಿ ಪುಸ್ತಕವೊಂದನ್ನು ಕುಕ್ಕಿದರು.

"ನಾಳೆ ಬೆಂಗಳೂರಿನಿಂದ ಗುಣಮಟ್ಟ ತಪಾಸಣೆಯವರು ಬರ್ತಾರೆ. ಐದು ವರ್ಷದ ಗುಣಮಟ್ಟ ಸಮಿತಿ ಸಭೆಗಳ ನಡಾವಳಿ ಸಂಜೆಯೊಳಗೆ ಬರೆದಿಡು."

"ಒಂದು ಸಭೆಯೂ ನಡೆದಿಲ್ವಲ್ಲ ಸರ್?"

"ನಮ್ಮದು ವಿಶ್ವಮಟ್ಟದ ಕಾಲೇಜು ಕಣಮ್ಮಾ! ಬರಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡ. ಹನ್ನೆರಡು ವರ್ಷವಾದರೂ ನೀನಿನ್ನೂ ಟೆಂಪರರಿ, ನೆನಪಿರಲಿ."

ಅಂಬುಜಾಕ್ಷಿ ಬರೆದಳು. ಬೇರೆ ಬೇರೆ ಪೆನ್ನು ಬಳಸಿದಳು, ಹಳೆಯದಾಗಿ ಕಾಣಲೆಂದು ಪುಟಗಳ ಮೇಲೆ ಟೀ ಚಿಮುಕಿಸಿದಳು. ನಡೆಯದ ಆ ಸಭೆಗಳಿಗೆ ಒಬ್ಬರೂ ಗೈರುಹಾಜರಾಗಿರಲಿಲ್ಲ. ವೃಷಭೇಂದ್ರಯ್ಯನವರು ಓದುವ ಗೋಜಿಗೇ ಹೋಗದೆ ಇಪ್ಪತ್ತು ಕಡೆ ಸಹಿ ಜಡಿದರು.

ಮರುದಿನ ತಪಾಸಣೆ ತಂಡದ ಮುಖ್ಯಸ್ಥೆ ಪುಟ ತಿರುವುತ್ತ ತಲೆದೂಗಿದರು.

"ಬಹಳ ಅಚ್ಚುಕಟ್ಟಾಗಿದೆ. ಮೂರು ವರ್ಷದ ಹಿಂದೆಯೇ ಗುಮಾಸ್ತೆ ಅಂಬುಜಾಕ್ಷಿಯನ್ನು ಕಾಯಂ ಮಾಡಲು ನಿರ್ಣಯವಾಗಿದೆಯಲ್ಲ, ಆ ಆದೇಶ ತೋರಿಸಿ."

ಪ್ರಿನ್ಸಿಪಾಲರು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು ಆ ಪುಟ ನೋಡಿದರು. ಸಭೆಯೇ ನಡೆದಿಲ್ಲ ಎನ್ನುವಂತಿಲ್ಲ, ಕೆಳಗೆ ಅವರದೇ ಸಹಿಯಿದೆ.

"ಅದು... ಟೈಪ್ ಆಗ್ತಾ ಇದೆ ಮೇಡಂ."

"ಟೈಪ್ ಆಯ್ತು ಸರ್," ಎಂದು ಪಕ್ಕದಲ್ಲೇ ನಿಂತಿದ್ದ ಅಂಬುಜಾಕ್ಷಿ ಆದೇಶದ ಕಾಗದವನ್ನು ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದಳು. "ತಮ್ಮ ಸಹಿಯೊಂದೇ ಬಾಕಿ. ಈ ಸಲ ಬೇಕಿದ್ದರೆ ಓದಿ ಹಾಕಿ."