ಕೂಗುಮಡು

ಘಟ್ಟದ ನಿತ್ಯಹಸಿರು ಕಾಡನ್ನು ಸೀಳಿಕೊಂಡು ಬರುವ ಕರಿಹೊಳೆ ಒಂದು ಕಡೆ ಬಂಡೆಗಳ ನಡುವೆ ಅಗಲವಾಗಿ ನಿಂತುಬಿಟ್ಟಿದೆ. ಅದೇ ಕೂಗುಮಡು. ನೀರು ಕಪ್ಪಗೆ, ಎರಡು ದಂಡೆಗೂ ಒತ್ತಾಗಿ ವಾಟೆಬಿದಿರು. ನಡುಹಗಲಲ್ಲೂ ಬಿಸಿಲು ಬೀಳುವುದು ಕಡಿಮೆ. ಹರಿಗೋಲಿನಲ್ಲಿ ಕೂತು ಆನೆ, ನೀರುನಾಯಿ, ಮಂಗಟ್ಟೆ ಹಕ್ಕಿಗಳನ್ನು ನೋಡಲು ಈಗಲೂ ಜನ ಬರುತ್ತಾರೆ. ಹೆಸರು ಕೇಳಿದವರು ಇಲ್ಲಿ ಯಾವುದೋ ದೆವ್ವ ಕೂಗುತ್ತದೆ ಎಂದುಕೊಳ್ಳುತ್ತಾರೆ. ದೆವ್ವವಾಗಿದ್ದರೆ ಒಂದು ಕೋಳಿ ಕೊಟ್ಟು ಸುಮ್ಮನಾಗಿಸಬಹುದಿತ್ತು.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಮಂಜಿ ಎಂಬ ಅಂಬಿಗರ ಹೆಂಗಸು ಇಲ್ಲಿ ಹರಿಗೋಲು ನಡೆಸುತ್ತಿದ್ದಳು ಎನ್ನುತ್ತಾರೆ. ಆನೆ ನೀರಿಗಿಳಿದಾಗ ಹೊಳೆಯ ಮೇಲೆ ಯಾರೂ ಬಾಯಿ ತೆರೆಯಬಾರದೆಂಬುದು ಅಂಬಿಗರ ಕಟ್ಟಳೆ. ಹೇಳಬೇಕಾದ್ದನ್ನು ಹುಟ್ಟುಗೋಲಿನಿಂದ ಹರಿಗೋಲಿನ ಅಂಚಿಗೆ ತಟ್ಟಿ ಹೇಳುತ್ತಿದ್ದರು. ಮಂಜಿ ಮಾತಿಗಿಂತ ಮೊದಲು ಆ ತಟ್ಟು ಕಲಿತವಳು. ಒಂದು ಬೇಸಿಗೆಯ ಸಂಜೆ ಪಾಳೆಯಗಾರ ನಾಯಕನಿಗೆ ಮರಿಯಾನೆಯ ಜಳಕ ನೋಡುವ ಆಸೆಯಾಯಿತು. ಮಂಜಿ ಅವನನ್ನು ಕೂರಿಸಿಕೊಂಡು ಬಂದು ಬಂಡೆಯ ಮರೆಯಲ್ಲಿ ಹರಿಗೋಲು ನಿಲ್ಲಿಸಿದಳು. ನಾಯಕನ ಕಣ್ಣಿಗೆ ಏನೂ ಅಡ್ಡ ಬಾರದಿರಲೆಂದು ಅವಳ ಗಂಡ ಬೀರ ಎದುರು ದಂಡೆಯಲ್ಲಿ ಬಗ್ಗಿ ವಾಟೆ ಸವರುತ್ತಿದ್ದ. ಅಷ್ಟರಲ್ಲಿ ಅವನ ಬೆನ್ನ ಹಿಂದೆಯೇ ಮರಿಯೊಂದಿಗೆ ತಾಯಾನೆ ಇಳಿದು ಬಂತು. ಮಂಜಿ ಅಂಚಿಗೆ ತಟ್ಟಿದಳು. ಕತ್ತಿಯ ಸದ್ದಿನಲ್ಲಿ ಬೀರನಿಗೆ ಅದು ಕೇಳಲಿಲ್ಲ. ಬಾಯಿಬಿಟ್ಟು ಒಮ್ಮೆ ಕೂಗಿದ್ದರೆ ಪಕ್ಕದಲ್ಲಿದ್ದ ಮರವನ್ನು ಅವನು ಹತ್ತುತ್ತಿದ್ದ. ಕೂಗು ಗಂಟಲವರೆಗೆ ಬಂತು, ಕಟ್ಟಳೆ ಅದನ್ನು ಅಲ್ಲೇ ಹಿಡಿಯಿತು. ಪಾಪದ ಹೆಂಗಸು ತಟ್ಟುತ್ತಲೇ ಇದ್ದಳು. ಬೀರ ತಿರುಗಿ ನೋಡುವ ಹೊತ್ತಿಗೆ ಆನೆಯ ಸೊಂಡಿಲು ಅವನ ಸೊಂಟ ಸುತ್ತಿತ್ತು.

ಆನೆಗಳು ಕಾಡು ಸೇರಿದ ಮೇಲೆ ನಾಯಕ, "ನೀನು ಕೂಗಿದ್ದರೆ ಅದು ನಮ್ಮ ಮೇಲೆ ಬೀಳುತ್ತಿತ್ತು. ನೀನು ಕಟ್ಟಳೆ ಉಳಿಸಿದೆ, ಮಂಜಿ," ಎಂದ.

"ಅವ್ರು ಉಳೀಲಿಲ್ವಲ್ಲ, ಒಡೆಯಾ," ಎಂದಳು ಅವಳು.

ಮರುದಿನದಿಂದ ಈ ಮಡುವಿಗೆ ಬಂದಾಗಲೆಲ್ಲ ಮಂಜಿ ಹುಟ್ಟು ನಿಲ್ಲಿಸಿ, ದಂಡೆಯ ಕಡೆ ತಿರುಗಿ, ಗಂಟಲು ಹರಿಯುವಂತೆ ಕೂಗತೊಡಗಿದಳು. ಗಂಡನ ಹೆಸರನ್ನು ಎಂದೂ ಬಾಯಿಗೆ ತಂದವಳಲ್ಲ, ಈಗ ಹೆಸರು ಹಿಡಿದೇ ಕೂಗುತ್ತಿದ್ದಳು. ನೀರಿಗೆ ಬಂದ ಪ್ರಾಣಿಗಳೆಲ್ಲ ದಿಕ್ಕಾಪಾಲಾಗಿ ಓಡುತ್ತಿದ್ದವು. ಹುಚ್ಚು ಹಿಡಿದಿದೆ ಎಂದು ಅಂಬಿಗರು ಬೈದರು. ಅವಳು ಸತ್ತ ಮೇಲೆ ಮಡು ಸುಮ್ಮನಿದ್ದದ್ದನ್ನು ಅವರಿಂದಲೇ ತಾಳಲಾಗಲಿಲ್ಲವಂತೆ.

ಇಂದಿಗೂ ಹರಿಗೋಲು ಇಲ್ಲಿಗೆ ಬಂದೊಡನೆ ಅಂಬಿಗ, "ಬೀರಾ, ಮರ ಹತ್ತೋ" ಎಂದು ಕೂಗುತ್ತಾನೆ. ದಂಡೆಯ ಮೇಲಿನ ಕಡವೆ ಹಿಂಡು ನೋಡನೋಡುತ್ತಲೇ ಮಾಯವಾಗುತ್ತದೆ. ಕ್ಯಾಮೆರಾ ಹಿಡಿದವರು ಸಿಡಿಮಿಡಿಗೊಂಡು, ತೋರಿಸಲು ಕರೆತಂದು ಓಡಿಸುವುದೇಕೆ ಎನ್ನುತ್ತಾರೆ. "ಮುಂದಿನ ತಿರುವಿನಲ್ಲಿ ಸಿಗ್ತವೆ ಸಾರ್," ಎಂದಷ್ಟೇ ಹೇಳಿ ಅವನು ಎದುರು ದಂಡೆಯನ್ನು ನೋಡುತ್ತಾನೆ. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದರೂ, ಒಬ್ಬ ಮನುಷ್ಯ ಮರ ಹತ್ತುವಷ್ಟು ಹೊತ್ತು ಹುಟ್ಟು ಹಾಕದೆ ಕಾಯುತ್ತಾನೆ.