ಕಸೂತಿಯವಳ ಕ್ಯಾಮೆರಾ

“ಮಾಸ್ತರರೇ, ದಿನನಿತ್ಯದ ಬಳಕೆಗೆ ಒಂದು ಡಿಜಿಟಲ್ ಕ್ಯಾಮೆರಾ ಕೊಳ್ಳಬೇಕು. ಜೇಬಿನಲ್ಲಿ ಹಿಡಿಯುವ ಚಿಕ್ಕದು ಸಾಕೋ, ಲೆನ್ಸ್ ಬದಲಿಸುವ ದೊಡ್ಡದೇ ಬೇಕೋ?”

ಕೇಳಿದವನು ಫಕೀರೇಶ. ಬೂದಿಹಾಳ ಮಾಸ್ತರರ ಬಳಿ ನಾಲ್ಕು ವರ್ಷದಿಂದ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದ. ಮನೆ, ಓಣಿ, ಸಂತೆ, ದಿನಾ ಕಣ್ಣಿಗೆ ಬೀಳುವುದನ್ನೆಲ್ಲ ಫೋಟೋ ತೆಗೆದಿಟ್ಟುಕೊಂಡು, ಅದರಿಂದ ಚಿತ್ರ ಬರೆಯಬೇಕೆಂಬುದು ಅವನ ಆಸೆ. ಹನ್ನೊಂದು ಕ್ಯಾಮೆರಾಗಳ ಗುಣದೋಷಗಳನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡು ಬಂದಿದ್ದ. ಮೂರು ತಿಂಗಳ ಕೆಲಸ.

ಮಾಸ್ತರರು ಪುಟ ತಿರುವಿದರು. ಕನ್ನಡಕ ತೆಗೆದರು.

“ಅಬ್ಬಾ! ಮೂರು ತಿಂಗಳಲ್ಲಿ ಹೆಣ್ಣು ನೋಡಿ, ಮದುವೆಯಾಗಿ, ಬೀಗರ ಜೊತೆ ಒಂದು ಜಗಳವನ್ನೂ ಮುಗಿಸಬಹುದಿತ್ತಲ್ಲೋ ಮಾರಾಯ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಮಾಸ್ತರರು ಹೇಳಿದ ಕತೆ ಇದು.

ಒಬ್ಬಳು ಕಸೂತಿಯವಳು ಇದ್ದಳು. ಕಸೂತಿ ಎಂದರೆ ಗೊತ್ತು ಎಂದು ತಲೆಯಾಡಿಸಬೇಡ, ನಿನಗೆ ಗೊತ್ತಿಲ್ಲ. ಬಟ್ಟೆಗೆ ಪೆನ್ಸಿಲ್ ತಾಗಿಸುವಂತಿಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಹೋಗುವಾಗ ಸೂಜಿ ಒಂದು ಹೊಲಿಗೆ ಹಾಕಿ, ಒಂದು ಬಿಟ್ಟು ಹೋಗುತ್ತದೆ. ಬರುವಾಗ ಬಿಟ್ಟ ಜಾಗವನ್ನು ತುಂಬುತ್ತ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಸೀರೆಯ ಒಳಮೈ, ಹೊರಮೈ ಎರಡೂ ಒಂದೇ ತೆರನಾಗಿ ಕಾಣಬೇಕು. ಕಾಣದಿದ್ದರೆ ಅದು ಬರೀ ಹೊಲಿಗೆ.

ಈ ಹೆಂಗಸಿನ ತಾಯಿ ಆ ಕೆಲಸದಲ್ಲಿ ಎತ್ತಿದ ಕೈ. ಸೀರೆಯ ಉದ್ದಕ್ಕೂ ಗೋಪುರಗಳ ಅಂಚು ತರುತ್ತಿದ್ದಳು. ಸೆರಗಿನ ಮೂಲೆಗೆ ಬಂದಾಗ ಆ ಗೋಪುರಗಳನ್ನು ತಿರುಗಿಸಿ ಅಡ್ಡಕ್ಕೆ ಒಯ್ಯುತ್ತಿದ್ದಳು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಹಾಗೆ ತಿರುಗಿಸುವುದು ಸುತ್ತಲಿನ ಯಾರಿಗೂ ಬರುತ್ತಿರಲಿಲ್ಲ. ಮಗಳಿಗೆ ಅಂಚು ಕಲಿಸಿದಳು. ಮೂಲೆ ಕಲಿಸುವ ಮೊದಲೇ ತೀರಿಕೊಂಡಳು.

ಮಗಳು ಏಳು ವರ್ಷ ಒದ್ದಾಡಿದಳು. ಅಂಚು ಸರಾಗವಾಗಿ ಬರುತ್ತಿತ್ತು. ಮೂಲೆಗೆ ಬಂದ ಸೂಜಿಗೆ ವಾಪಸ್ ಬರುವ ದಾರಿಯೇ ಸಿಗುತ್ತಿರಲಿಲ್ಲ. ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಒಮ್ಮೊಮ್ಮೆ ಬಟ್ಟೆಯನ್ನು ಅತ್ತ ಎಸೆದು ಗೊಳೋ ಎಂದು ಅಳುತ್ತಿದ್ದಳು. ತಾಯಿ ಸತ್ತಾಗ ಮನೆ ತುಂಬ ಜನರಿದ್ದರು, ಅಳುವುದಕ್ಕೆ ಜೊತೆಯಿತ್ತು. ಈ ಅಳುವಿಗೆ ಅವಳೊಬ್ಬಳೇ.

ತಾಯಿ ಹೊಲಿದ ಸೀರೆ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಎಲ್ಲವೂ ಸುತ್ತಲಿನ ಊರುಗಳ ಮದುವೆಗೆ ಹೋಗಿದ್ದವು. ಎಲ್ಲೋ ಒಂದಾದರೂ ಇದ್ದೇ ಇರಬೇಕು. ಹುಡುಕಬೇಕು, ಮೂಲೆಯ ಫೋಟೋ ತೆಗೆದು ತರಬೇಕು, ಮನೆಯಲ್ಲಿ ಕೂತು ಎಳೆ ಎಣಿಸಬೇಕು. ಹೀಗೆಂದುಕೊಂಡು ಅವಳು ಪೇಟೆಗೆ ಹೋದಳು.

ಅಂಗಡಿಯವನು ಎರಡು ಕ್ಯಾಮೆರಾ ಇಟ್ಟ. ಒಂದು ಸೋಪಿನ ಡಬ್ಬಿಯಷ್ಟಿತ್ತು. ಅದನ್ನು ಅವನೇ ಬದಿಗೆ ಸರಿಸಿದ. ಇನ್ನೊಂದರ ಮೂತಿ ಒಂದು ಗೇಣು ಮುಂದಿತ್ತು. ಅದರಲ್ಲಿ ಅವಳದೇ ಒಂದು ಫೋಟೋ ತೆಗೆದು ತೋರಿಸಿದ.

“ನೋಡ್ರಿ ಅಕ್ಕಾರ, ಮಾರಿ ಅಷ್ಟ ಎದ್ದು ಕಾಣತದ. ಹಿಂದಿಂದೆಲ್ಲ ಬೆಣ್ಣಿ ಕರಗಿದಂಗ ಕರಗಿ ಹೋಗತದ. ಸಣ್ಣದರಾಗ ಈ ಮಜಾ ಎಲ್ಲಿಂದ ಬರಬೇಕು?”

ಅವಳು ದೊಡ್ಡದನ್ನೇ ಕೊಂಡಳು. ಅದಕ್ಕೆ ಅವಳನ್ನು ಬಯ್ಯಬೇಡ. ಅವ್ವನ ಕೆಲಸಕ್ಕೆ ಕಡಿಮೆಯದನ್ನು ತರಬಾರದು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಮನೆಗೆ ತಂದು ಕುಂಕುಮ ಹಚ್ಚಿ, ಕೈಮುಗಿದು ಹೆಗಲಿಗೇರಿಸಿದಳು.

ಇನ್ನು ಹಳ್ಳಿಗಳು. ಹೆಗಲಿಗೆ ಚೀಲ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು. ಅವಳು ಬಸ್ಸಿಳಿದು ಓಣಿಗೆ ಕಾಲಿಟ್ಟರೆ ಸಾಕು, “ಯವ್ವಾ, ಫೋಟೋದಾಕಿ ಬಂದಾಳ!” ಎಂದು ಒಂದು ಕೂಗು ಏಳುತ್ತಿತ್ತು. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಎದ್ದು ಒಳಗೆ. ನಮ್ಮ ಹೆಂಗಸರ ರೀತಿ ನಿನಗೆ ಗೊತ್ತಲ್ಲ, ಮನೆಯಲ್ಲಿ ಉಟ್ಟ ಸೀರೆಯಲ್ಲಿ ಯಾವಳಾದರೂ ಫೋಟೋಕ್ಕೆ ನಿಂತಾಳೆಯೇ? ಟ್ರಂಕು ತೆರೆಯುತ್ತಿತ್ತು. ಪೌಡರ್ ಬಳಿದು, ಹೂ ಮುಡಿದು, ಪೇಟೆಯ ರೇಷ್ಮೆ ಉಟ್ಟು ಬಂದು ಸಾಲಾಗಿ ನಿಲ್ಲುತ್ತಿದ್ದರು. ಕಸೂತಿಯ ಹಳೆಯ ಇಳಕಲ್ ಸೀರೆ ಎಂದರೆ ರೊಟ್ಟಿ ಬಡಿಯುವಾಗ, ಕಸ ಬಳಿಯುವಾಗ ಉಡುವ ಸೀರೆ. ಅದು ಒಳಗೆ ಗೂಟಕ್ಕೆ ಜೋತುಬಿದ್ದಿರುತ್ತಿತ್ತು. ಇವಳು ಬಾಯಿಬಿಟ್ಟು ಕೇಳಿದರೂ, ಹರಕು ಸೀರೆ ತೋರಿಸಲು ನಾಚಿ “ಇಲ್ಲವ್ವಾ” ಎಂದುಬಿಡುತ್ತಿದ್ದರು.

ಅವಳು ಇಪ್ಪತ್ತೆರಡು ಊರು ಸುತ್ತಿದಳು. ಚಪ್ಪಲಿ ಸವೆದವು. ಫೋಟೋಗಳು ಒಂದಕ್ಕಿಂತ ಒಂದು ಚೆಂದ. ಎಲ್ಲದರಲ್ಲೂ ರೇಷ್ಮೆ, ಒಂದರಲ್ಲೂ ಕಸೂತಿಯಿಲ್ಲ. ಈ ಸೀಮೆಯಲ್ಲಿ ಅವ್ವನ ಕೆಲಸ ಪೂರಾ ಅಳಿದುಹೋಗಿದೆ ಎಂದು ಅವಳು ನಂಬಿಬಿಟ್ಟಳು. ಕರ್ಮ ನೋಡು! ಹುಡುಕಿಕೊಂಡು ಹೊರಟದ್ದನ್ನು ಊರೂರಿನಲ್ಲೂ ತಾನೇ ಒಳಗೆ ಓಡಿಸುತ್ತಿದ್ದಳು, ಪಾಪ, ಅದು ಅವಳಿಗೆ ಹೊಳೆಯಲೇ ಇಲ್ಲ.

ಇಪ್ಪತ್ತಮೂರನೆಯ ಊರಿನಲ್ಲಿ ಒಬ್ಬ ಮುದುಕಿ ಹೊಸ್ತಿಲ ಹತ್ತಿರ ಕೂತಿದ್ದಳು. ದೂರದಿಂದಲೇ ಇವಳನ್ನು ನೋಡಿದಳು. ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ನೇರಳೆ ಬಣ್ಣದ ರೇಷ್ಮೆ ಉಟ್ಟುಕೊಂಡು ಬಂದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಕಸೂತಿಯವಳು ಸ್ಟ್ಯಾಂಡು ನಿಲ್ಲಿಸುತ್ತಿದ್ದಳು, ಬೆಳಕು ಅಳೆಯುತ್ತಿದ್ದಳು, “ಅಲ್ಲಾಡಬ್ಯಾಡ್ರಿ” ಎಂದಳು. ಮುದುಕಿ ಬಾಯಿ ಮುಚ್ಚಿದಳು. ಫೋಟೋ ಆಯಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ದೊಡ್ಡದು ಮಾಡಿದಳು. ಮುದುಕಿಯ ಮುಖದ ಗೆರೆ ಗೆರೆಯೂ ಮೂಡಿತ್ತು. ಹಿಂದೆ, ಮಸುಕು ಮಸುಕಾಗಿ, ಅರ್ಧ ತೆರೆದ ಬಾಗಿಲು. ಬಾಗಿಲ ಮೇಲೆ ಆಗಷ್ಟೇ ಬಿಚ್ಚಿ ಎಸೆದ ಒಂದು ಕಪ್ಪು ಸೀರೆ. ಸೆರಗಿನ ಕೆಂಪು, ಅದರ ಪಕ್ಕ ಬಿಳಿ ಗೋಪುರಗಳ ಸಾಲು, ಪ್ರತಿ ಗೋಪುರದ ತುದಿಗೆ ಒಂದು ಹಳದಿ ಚುಕ್ಕೆ. ಕೊನೆಗೆ ಹಳದಿ ದಾರ ಹಾಕುವುದು ಅವಳ ತಾಯಿಯ ಚಾಳಿ, ಬೇರೆ ಯಾರೂ ಹಾಕುತ್ತಿರಲಿಲ್ಲ.

ಮೂಲೆ ಅಲ್ಲೇ ಇತ್ತು. ಆದರೆ ಕರಗಿಹೋಗಿತ್ತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಅವಳು ಹಿಗ್ಗಿಸಿದಷ್ಟೂ ಅದು ಮಂಜಾಯಿತು. ಎಳೆ ಎಣಿಸುವುದಿರಲಿ, ಗೋಪುರವೇ ಮಾಯವಾಯಿತು. ಅವಳು ಹಣೆ ಹಣೆ ಬಡಿದುಕೊಂಡಳು.

ಆಮೇಲೆ ಸುಮ್ಮನೆ ಕೂತು ಯೋಚಿಸಿದಳು. ಆ ಬಾಗಿಲ ಮೇಲಿನ ಸೀರೆ ಅಲ್ಲಿಗೆ ಹೇಗೆ ಬಂತು ಎಂದು ಯೋಚಿಸಿದಳು. ಆಗ ಇಪ್ಪತ್ತಮೂರು ಊರುಗಳೂ ಒಮ್ಮೆಗೇ ಅರ್ಥವಾದವು. ಮರುದಿನ ಅಂಗಡಿಗೆ ಹೋಗಿ ದೊಡ್ಡದನ್ನು ಕೊಟ್ಟು, ಸೋಪಿನ ಡಬ್ಬಿಯಷ್ಟಿದ್ದುದನ್ನು ತಂದಳು. ಇವಳ ತಲೆ ಕೆಟ್ಟಿದೆ ಎಂದುಕೊಂಡ ಅಂಗಡಿಯವನು. ಅಂದುಕೊಳ್ಳಲಿ ಬಿಡು. ಅದನ್ನು ಎಲೆ ಅಡಿಕೆಯ ಸಂಚಿಯೊಳಗೆ ಹಾಕಿಕೊಂಡು ಅದೇ ಊರಿಗೆ ಹೊರಟಳು.

ಮುದುಕಿ ಹೊಸ್ತಿಲ ಹತ್ತಿರ ಮೊರ ಇಟ್ಟುಕೊಂಡು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೈಮೇಲೆ ಅದೇ ಕಪ್ಪು ಸೀರೆ. ಒಳಗೆ ಸೊಸೆ ಕೌದಿ ಹೊಲಿಯಲು ಹಳೆ ಬಟ್ಟೆ ಹರಿಯುತ್ತಿದ್ದಳು. ಅವಳ ಕಣ್ಣು ಅತ್ತೆಯ ಸೀರೆಯ ಮೇಲೆಯೇ ಇತ್ತು. ಕಸೂತಿಯವಳು ಮೆಟ್ಟಿಲ ಮೇಲೆ ಕೂತು ತಾನೂ ಒಂದು ಹಿಡಿ ಬೇಳೆ ತೆಗೆದುಕೊಂಡು ಕಲ್ಲು ಆರಿಸತೊಡಗಿದಳು. ಮುದುಕಿ ಏಳಲಿಲ್ಲ.

“ಆಯೀ, ಈ ಸೀರಿ ಯಾರ ಕೈದು?”

“ನಿಮ್ಮವ್ವಂದು. ಮತ್ತ್ಯಾರದು? ನನ್ನ ಮಗಳ ಮದುವ್ಯಾಗ ನನಗ ಹಾಕಿ ಕೊಟ್ಟಿದ್ಲು. ಆವತ್ತ ನೀ ಬಂದಾಗೇ ನಿನ್ನ ಮಾರಿ ನೋಡಿ ಗುರುತು ಹಿಡದೆ. ಆಕಿ ಮಗಳ ಮುಂದ ಆಕಿ ಹೊಲದ ಸೀರಿ ಹರಕ ಮಾಡ್ಕೊಂಡು ಹೆಂಗ ನಿಂದರಲಿ? ನಾಚಿಕಿ ಬಂತವ್ವಾ. ಅದಕ್ಕ ಓಡಿಹೋಗಿ ಬದಲಿ ಮಾಡಿದೆ. ಬಂದು ಮಾತಾಡಸಬೇಕಂದ್ರ ನೀ ಆ ಡಬ್ಬಿ ಕೂಡ ಮಾತಾಡಾಕ್ಹತ್ತಿದ್ದಿ.”

ಕಸೂತಿಯವಳು ಕೈಯಲ್ಲಿದ್ದ ಬೇಳೆಯನ್ನು ಮೊರಕ್ಕೆ ಹಾಕಿದಳು. ಕಣ್ಣೊರೆಸಿಕೊಂಡು ಸಂಚಿಗೆ ಕೈ ಹಾಕಿದಳು. ಸೆರಗಿನ ಮೂಲೆಯನ್ನು ಮೊಣಕಾಲ ಮೇಲೆ ಹರಡಿ ಹೊರಮೈಯದೊಂದು, ಒಳಮೈಯದೊಂದು ಫೋಟೋ ತೆಗೆದಳು. ಮುದುಕಿಯ ಕೈ ಬೇಳೆಯಿಂದ ಏಳಲೇ ಇಲ್ಲ. ಫೋಟೋದಲ್ಲಿ ಎಳೆ ಎಳೆಯೂ ನಿಚ್ಚಳವಾಗಿತ್ತು. ಅದರ ಹಿಂದೆ ಮೊರ, ಮೊರದ ಬೇಳೆ, ಒಡೆದ ಹಿಮ್ಮಡಿ, ಅವೂ ನಿಚ್ಚಳ.

ಮೂರು ದಿನ ಅವಳು ಎಣಿಸಿದಳು. ನಾಲ್ಕನೆಯ ದಿನ ಸೂಜಿ ಮೂಲೆಗೆ ಹೋಯಿತು, ತಿರುಗಿತು, ಬಿಟ್ಟ ಜಾಗವನ್ನೆಲ್ಲ ತುಂಬುತ್ತ ವಾಪಸ್ ಬಂತು. ಆ ವಾರವೇ ಆ ಸೀರೆಯನ್ನು ಹರಿದು ಸೊಸೆ ಕೌದಿಯೊಳಗೆ ಹಾಕಿದಳು. ಹಾಕಿದರೆ ಹಾಕಲಿ, ಮೂಲೆ ಈಗ ಮಗಳ ಕೈಯಲ್ಲಿತ್ತು.

ಮಾಸ್ತರರು ಕತೆ ಮುಗಿಸಿ ನೀರು ಕುಡಿದರು. ಫಕೀರೇಶ ಖುಷಿಯಿಂದ ನೋಟ್‌ಬುಕ್ ಮುಚ್ಚಿದ.

“ತಿಳಿಯಿತು ಮಾಸ್ತರರೇ. ಚಿಕ್ಕದನ್ನೇ ಕೊಳ್ಳುತ್ತೇನೆ. ಹಿಂದಿನದೂ ಮುಂದಿನದೂ ನಿಚ್ಚಳವಾಗಿ ಬರುತ್ತದೆ. ಯಾರೂ ಎದ್ದು ಒಳಗೆ ಹೋಗುವುದಿಲ್ಲ. ನಾಳೆಯಿಂದ ದಿನಾ ಕಾಣುವುದೆಲ್ಲ ನನ್ನ ಜೇಬಿನಲ್ಲಿರುತ್ತದೆ.”

“ಬೇಷ್! ಕೊಳ್ಳು, ಧಾರಾಳವಾಗಿ ಕೊಳ್ಳು, ಎರಡು ಮಾತಿಲ್ಲ,” ಎಂದರು ಮಾಸ್ತರರು. “ಈಗ ಹೇಳು, ಇವತ್ತು ಬೆಳಿಗ್ಗೆ ನಿನ್ನ ಮುಂದೆ ಚಹಾ ತಂದಿಟ್ಟಾಗ ನಿನ್ನ ಅವ್ವ ಯಾವ ಸೀರೆ ಉಟ್ಟಿದ್ದಳು?”

ಫಕೀರೇಶನಿಗೆ ನೆನಪಾಗಲಿಲ್ಲ.